"ಏನಿಲ್ಲ, ನಡಿ" ಅಂದಾಗಲೇ ಶೂ ಬಿಚ್ಚಿಸಿ: ಕಮೀನೋ ಹೊರಟಿರೋ ಇಬ್ಬರು ಗೆಳತಿಯರಿಗೆ

ಪ್ರಶ್ನೆ: ನಾವಿಬ್ರೂ ಮಂಡ್ಯದವರು, ನನಗೆ 44, ನನ್ ಫ್ರೆಂಡ್‌ಗೆ 51. ಈ ಸೆಪ್ಟೆಂಬರ್‌ನಲ್ಲಿ ಸ್ಪೇನ್‌ನ ಕಮೀನೋ ದೆ ಸಾಂತಿಯಾಗೊ ಯಾತ್ರೆಗೆ ಹೊರಟಿದ್ದೀವಿ, ಫ್ರಾನ್ಸ್ ಕಡೆಯ ಸೇಂಟ್ ಝಾನ್ ಊರಿಂದ ಪೂರ್ತಿ ನಡೆಯೋ ಪ್ಲಾನ್. ಪ್ರಾಕ್ಟೀಸ್ ಅಂತ ಒಂದ್ ಭಾನುವಾರ ಮಂಡ್ಯದಿಂದ ಮೇಲುಕೋಟೆಗೆ ನಡೆದ್ವಿ. ದಾರೀಲಿ ಅವಳು ಏನೂ ಹೇಳ್ಲಿಲ್ಲ, ಜಕ್ಕನಹಳ್ಳಿ ಹತ್ರ ಬಂದಾಗ ಕೂತ್ಬಿಟ್ಳು, ಎರಡೂ ಕಾಲಲ್ಲಿ ಬೊಬ್ಬೆ, ಮಂಡಿ ಊದಿತ್ತು. ಮೊದ್ಲೇ ಯಾಕ್ ಹೇಳ್ಲಿಲ್ಲ ಅಂತ ನಾನು ರೇಗಿದೆ, ಆಟೋ ಹಿಡ್ಕೊಂಡು ವಾಪಸ್ ಬಂದ್ವಿ, ಈಗ ಇಬ್ರೂ ಆ ವಿಷಯಾನೇ ಎತ್ತಲ್ಲ. ಅವಳ ದೇಹಕ್ಕೆ ಇದು ಆಗಲ್ವಾ? ನಾನು ಒಬ್ಳೇ ಹೋಗೋದು ಒಳ್ಳೇದಾ?

ಉತ್ತರ: ಒಬ್ರೇ ಹೋಗ್ಬೇಡಿ. ಇಬ್ರೂ ಹೋಗಿ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಬೊಬ್ಬೆನೂ ಅಲ್ಲ ಮಂಡಿನೂ ಅಲ್ಲ, "ದಾರೀಲಿ ಅವಳು ಏನೂ ಹೇಳ್ಲಿಲ್ಲ" ಅನ್ನೋ ಒಂದೇ ಸಾಲು. ನಾನು ಮೈಸೂರಲ್ಲಿ ಇಪ್ಪತ್ತು ವರ್ಷದಿಂದ ಫಿಸಿಯೋಥೆರಪಿ ಮಾಡ್ತಿದೀನಿ, ಮಾದಪ್ಪನ ಬೆಟ್ಟಕ್ಕೆ, ಧರ್ಮಸ್ಥಳಕ್ಕೆ, ವೇಳಾಂಕಣಿಗೆ ನಡೆದು ಬಂದವರ ಕಾಲು ವರ್ಷಾ ವರ್ಷ ನೋಡ್ತೀನಿ, ಕಮೀನೋನೂ ಒಬ್ಳು ಗೆಳತಿ ಜೊತೆ ಪೂರ್ತಿ ನಡೆದಿದೀನಿ. ನೀವು ಜಕ್ಕನಹಳ್ಳೀಲಿ ಕಂಡಿದ್ದನ್ನ ನಾನು ಎಲ್ ಅಸೆಬೊ ಅನ್ನೋ ಊರಲ್ಲಿ ಕಂಡೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಮೊದ್ಲು ಆ ಪ್ರಾಕ್ಟೀಸ್ ವಿಷಯ ಮುಗಿಸ್ಬಿಡ್ತೀನಿ. ಮಂಡ್ಯದಿಂದ ಮೇಲುಕೋಟೆ ಅಂದ್ರೆ 35 ಕಿಲೋಮೀಟರ್ ಮೇಲೇನೇ ಆಗುತ್ತೆ, ಅದೂ ಡಾಂಬರ್ ರೋಡು, ನಮ್ ಬಿಸಿಲು, ಒಂದೇ ದಿನಕ್ಕೆ. ಕಮೀನೋದಲ್ಲಿ ಜನ ಸಾಮಾನ್ಯವಾಗಿ ದಿನಕ್ಕೆ 20ರಿಂದ 25 ಕಿಲೋಮೀಟರ್ ನಡೀತಾರೆ. ನೀವು ಪರೀಕ್ಷೆಗಿಂತ ಕಷ್ಟದ ಪ್ರಾಕ್ಟೀಸ್ ಇಟ್ಕೊಂಡು ಅದರಲ್ಲಿ ಫೇಲ್ ಅಂತ ತೀರ್ಮಾನ ಮಾಡ್ಬಿಟ್ರಿ. 51 ವಯಸ್ಸಿನ ಹೆಂಗಸು ಅಷ್ಟು ದೂರ ಬೊಬ್ಬೆ ಇಟ್ಕೊಂಡು ನಡೆದಿದ್ದಾರೆ ಅಂದ್ರೆ ದೇಹಕ್ಕೆ ಶಕ್ತಿ ಇದೆ ಅಂತಾನೇ ಅರ್ಥ. ಮಂಡಿ ಊತ ಮಾತ್ರ ಒಂದ್ಸಲ ಡಾಕ್ಟರ್‌ಗೆ ತೋರಿಸಿ, ಎರಡು ವಾರ ಆದ್ರೂ ಊತ ಇಳೀದೆ ಇದ್ರೆ ಅಥವಾ ಮೆಟ್ಲು ಇಳೀವಾಗ ಮಂಡಿ ಕೈಕೊಟ್ಟಂಗೆ ಆಗ್ತಿದ್ರೆ ತಡ ಮಾಡ್ಲೇಬೇಡಿ.

ಈಗ ನನ್ ಕಥೆ. ನನ್ ಗೆಳತಿ ಕ್ಯಾಥೊಲಿಕ್, ಸೇಂಟ್ ಫಿಲೋಮಿನಾ ಚರ್ಚ್ ಹತ್ರದ ಮನೆ, ಚಿಕ್ಕ ವಯಸ್ಸಿಂದ ಜೂನ್ 13ಕ್ಕೆ ದೋರನಹಳ್ಳಿ ಸಂತ ಅಂತೋಣಿಯವರ ಹಬ್ಬಕ್ಕೆ ತಪ್ಪದೇ ಹೋಗೋಳು. ನಾನು ಅಜ್ಜಿ ಕೈ ಹಿಡ್ಕೊಂಡು ಮಾದಪ್ಪನ ಬೆಟ್ಟ ಹತ್ತಿದವಳು. ಕಮೀನೋ ಅವಳ ಹರಕೆ. ಯೇಸುವಿನ ಶಿಷ್ಯ, ಪ್ರೇಷಿತ ಯಾಕೋಬರ ಸಮಾಧಿ ಇದೆ ಅಂತ ನಂಬೋ ಸಾಂತಿಯಾಗೊ ಕೆಥೆಡ್ರಲ್‌ವರೆಗೆ ನಡೆದೇ ಹೋಗ್ತೀನಿ ಅಂತ ಅಮ್ಮನ ಹೆಸರಲ್ಲಿ ಹೊತ್ಕೊಂಡಿದ್ಳು. ಸೇಂಟ್ ಝಾನ್‌ನಿಂದ ಸುಮಾರು 780 ಕಿಲೋಮೀಟರ್. ನಾನು ಜೊತೆಗೆ ಹೊರಟೆ, ಫಿಸಿಯೋ ಜೊತೆಗಿದ್ರೆ ಅವಳಿಗೆ ಧೈರ್ಯ ಅಂತ ಎಲ್ರೂ ಅಂದ್ರು.

ಎಲ್ರೂ ಮೊದಲನೇ ದಿನಕ್ಕೆ ಹೆದರ್ತಾರೆ, ಪಿರೆನೀಸ್ ಪರ್ವತ ದಾಟೋ ದಿನಕ್ಕೆ. ಹೆದರೋದ್ರಲ್ಲಿ ತಪ್ಪಿಲ್ಲ, 25 ಕಿಲೋಮೀಟರ್‌ನಲ್ಲಿ ಸುಮಾರು 1250 ಮೀಟರ್ ಹತ್ತಬೇಕು, ನಮ್ಮ ಚಾಮುಂಡಿ ಬೆಟ್ಟದ ಮೆಟ್ಲು ಬುಡದಿಂದ ತುದಿಗೆ ಹೆಚ್ಚುಕಮ್ಮಿ 300 ಮೀಟರ್, ಅಂದ್ರೆ ಒಂದೇ ಬೆಳಿಗ್ಗೆ ನಾಲ್ಕು ಚಾಮುಂಡಿ ಬೆಟ್ಟ. ಆದ್ರೆ ಆ ದಿನ ಎಲ್ರೂ ಹುಷಾರಾಗಿರ್ತಾರೆ, ನಿಧಾನ ಹತ್ತುತ್ತಾರೆ. 8 ಕಿಲೋಮೀಟರ್‌ಗೆ ಓರಿಸ್ಸೋನ್ ಅಂತ ತಂಗುದಾಣ ಇದೆ, ಮುಂಚೆನೇ ಬುಕ್ ಮಾಡಿದ್ರೆ ಅಲ್ಲೇ ಮಲಗಿ ಒಂದು ದಿನದ ಕಷ್ಟಾನ ಎರಡು ದಿನ ಮಾಡ್ಕೋಬಹುದು, ನಿಮಗೆ ಅದನ್ನೇ ಹೇಳ್ತೀನಿ. ಕೊನೇಲಿ ಲೆಪೊಯೆಡೆರ್ ಅನ್ನೋ ಎತ್ತರದ ಘಟ್ಟದಿಂದ ಬೆಟ್ಟದಾಚೆಯ ಊರು ರೊನ್ಸೆಸ್ವಾಯೆಸ್‌ಗೆ ಇಳಿಯೋಕೆ ಎರಡು ದಾರಿ, ಕಾಡೊಳಗಿನ ಕಡಿದಾದ ದಾರಿ ಬಿಟ್ಟು ಬಲಕ್ಕೆ ಇಬಾನ್ಯೆಟಾ ಕಡೆಯಿಂದ ಇಳೀರಿ, ಅಷ್ಟೆ.

ನಮ್ಮ ಕಷ್ಟದ ದಿನ ಬಂದಿದ್ದು ತುಂಬಾ ಆಮೇಲೆ, ಮೂರು ವಾರ ಕಳೆದ್ಮೇಲೆ. ಕಾಲು ಪಳಗಿದೆ ಅನ್ನೋ ನಂಬಿಕೆ ಬಂದಿತ್ತು. ರಬನಾಲ್ ಅನ್ನೋ ಪುಟ್ಟ ಊರಲ್ಲಿ ರಾತ್ರಿ ಉಳಿದಿದ್ವಿ, ಸಂಜೆ ಅಲ್ಲಿನ ಬೆನೆಡಿಕ್ಟೈನ್ ಸನ್ಯಾಸಿಗಳು ಲ್ಯಾಟಿನ್‌ನಲ್ಲಿ ಹಾಡೋ ಪ್ರಾರ್ಥನೆಗೆ ಅವಳು ಹೋಗಿ ಬಂದು ತುಂಬಾ ಹೊತ್ತು ಸುಮ್ನೆ ಕೂತಿದ್ಳು. ಮಾರನೇ ದಿನ ಹತ್ತಿರ ಹತ್ತಿರ 25 ಕಿಲೋಮೀಟರ್, ಮೊಲಿನಸೆಕಾ ಊರಿಗೆ. ದಾರೀಲಿ ಸುಮಾರು 1500 ಮೀಟರ್ ಎತ್ತರದಲ್ಲಿ ಕ್ರುಸ್ ದೆ ಫೆರೊ ಅಂತ, ಉದ್ದದ ಮರದ ಕಂಬದ ತುದೀಲಿ ಒಂದು ಸಣ್ಣ ಕಬ್ಬಿಣದ ಶಿಲುಬೆ, ಕೆಳಗೆ ಕಲ್ಲಿನ ಗುಡ್ಡೆ. ಯಾತ್ರಿಕರು ತಮ್ಮ ತಮ್ಮ ಊರಿಂದ ತಂದ ಒಂದು ಕಲ್ಲನ್ನ ಅಲ್ಲಿ ಇಟ್ಟು ಹೋಗ್ತಾರೆ, ಮನಸ್ಸಿನ ಭಾರ ಇಳಿಸೋ ಲೆಕ್ಕ. ಅವಳು ಶ್ರೀರಂಗಪಟ್ಟಣದ ಸಂಗಮದಿಂದ ಒಂದು ಕಲ್ಲು ತಂದಿದ್ಳು, ಅವರಮ್ಮ ಕೊನೇ ಸಲ ನೀರಿಗೆ ಕಾಲಿಟ್ಟ ಜಾಗದಿಂದ, ಕೋಳಿಮೊಟ್ಟೆ ಗಾತ್ರದ ನುಣ್ಣನೆ ಕಪ್ಪು ಕಲ್ಲು, ಕಾವೇರಿ ಉಜ್ಜಿ ಉಜ್ಜಿ ಮಾಡಿದ್ದು.

ಸೆಪ್ಟೆಂಬರ್ ಕೊನೇಲಿ ಅಲ್ಲಿ ಸೂರ್ಯ ಹುಟ್ಟೋದು ಎಂಟು ಗಂಟೆ ಆದ್ಮೇಲೆ, ನಾವು ಆರೂವರೆಗೆ ಹೆಡ್‌ಲ್ಯಾಂಪ್ ಹಾಕ್ಕೊಂಡು ಹೊರಟ್ವಿ. ಫೊನ್ಸೆಬಡೊನ್ ದಾಟೋವರೆಗೂ ಮಂಜು, ಹುಲ್ಲೆಲ್ಲಾ ಒದ್ದೆ, ಶೂ ಒಳಗೆ ನೀರು ಹೋಯ್ತು. ಶಿಲುಬೆ ಹತ್ರ ಕಲ್ಲು ಇಡುವಾಗ ಅವಳು ಅತ್ತಳು, ನಾನೂ ಅತ್ತೆ. ಅಲ್ಲಿ ಕೂತು ಕಾಲ್ಚೀಲ ಬದಲಾಯಿಸ್ಬೇಕಿತ್ತು. ಆ ಗಳಿಗೇಲಿ ಕಾಲ್ಚೀಲದ ಮಾತು ಎತ್ತೋಕೆ ಇಬ್ರಿಗೂ ಮನಸ್ಸು ಬರ್ಲಿಲ್ಲ, ಹಂಗೇ ಎದ್ದು ಹೊರಟ್ವಿ.

ಅಲ್ಲಿಂದ ಇಳಿಜಾರು. ಮೊಲಿನಸೆಕಾ ತಲುಪೋ ಹೊತ್ತಿಗೆ ಸುಮಾರು 900 ಮೀಟರ್ ಇಳೀಬೇಕು, ಮೂರು ಚಾಮುಂಡಿ ಬೆಟ್ಟ, ಮೆಟ್ಲಿಲ್ದೆ, ಸ್ಲೇಟ್ ಕಲ್ಲಿನ ಚೂಪು ಪದರಗಳು ಹಲ್ಲಿನ ಥರ ಎದ್ದಿರೋ ಕಿರುದಾರೀಲಿ. ನಾನು ಮುಂದೆ, ಅವಳು ಹಿಂದೆ. "ಹೆಂಗಿದ್ದೀಯಾ?" ಅಂತ ಕೂಗ್ತಿದ್ದೆ, "ಏನಿಲ್ಲ, ನಡಿ" ಅಂತ ಅವಳು ಕೂಗ್ತಿದ್ಳು. ಹಿಂಗೆ ಎರಡೂವರೆ ಮೂರು ಗಂಟೆ. ಎಲ್ ಅಸೆಬೊ ಊರಿನ ಸ್ಲೇಟ್ ಚಾವಣಿಗಳು ಕೆಳಗೆ ಕಾಣಿಸಿದಾಗ ನಾನು ಒಂದು ಬಂಡೆ ಮೇಲೆ ಕೂತು ಕಾದೆ, ಅವಳು ಬರೋದು ನೋಡಿದೆ, ಬಲಗಾಲು ಹೊರಗಡೆ ತಿರುಗಿಸಿ ಪಾದದ ಅಂಚಲ್ಲೇ ಊರ್ತಿದಾಳೆ, ಎಡ ಸೊಂಟ ಮೇಲೆತ್ತಿ ಎತ್ತಿ ಹಾಕ್ತಿದಾಳೆ. ಅಂಥ ನಡಿಗೆ ನಾನು ಕ್ಲಿನಿಕ್‌ನಲ್ಲಿ ಬಾಗಿಲಿಂದ ಒಳಗೆ ಬರೋ ಅಷ್ಟರಲ್ಲೇ ಗುರುತು ಹಿಡೀತೀನಿ. ಆವತ್ತು ಹಿಡೀಲಿಲ್ಲ, ಯಾಕಂದ್ರೆ ನೋಡಿರ್ಲೇ ಇಲ್ಲ, ಬರೀ ಕೂಗಿ ಕೇಳಿದ್ದೆ.

ಊರಲ್ಲಿ ಕಲ್ಲುಕಟ್ಟೆ ಮೇಲೆ ಕೂರಿಸಿ ಶೂ ಬಿಚ್ಚಿದೆ. ಕಾಲ್ಚೀಲ ಹಿಮ್ಮಡಿಗೆ ಅಂಟಿಕೊಂಡಿತ್ತು, ನೀರು ಹಾಕಿ ನೆನೆಸಿ ಬಿಡಿಸಿದೆ, ಬೊಬ್ಬೆ ಒಡೆದು ಅದರ ಮೇಲಿನ ಚರ್ಮ ಸುರುಟಿಕೊಂಡು ಒಂದು ಪಕ್ಕಕ್ಕೆ ಮುದ್ದೆಯಾಗಿತ್ತು, ಕೆಳಗೆ ಎರಡು ರೂಪಾಯಿ ನಾಣ್ಯದಷ್ಟಗಲ ಕೆಂಪಗೆ ಹಸಿ ಮಾಂಸ. ಎರಡೂ ಹೆಬ್ಬೆರಳ ಉಗುರಿನ ಬುಡ ಕಪ್ಪಿಟ್ಟಿತ್ತು. ಭಯಕ್ಕೆ ನನಗೆ ಕೋಪ ಬಂತು, "ಮೊದ್ಲೇ ಹೇಳೋಕಾಗಲ್ವಾ ನಿಂಗೆ?" ಅಂತ ಥೇಟ್ ನಿಮ್ ಥರಾನೇ ರೇಗಿದೆ. ಅವಳು ನನ್ ಮುಖ ನೋಡ್ದೆ, ಕಾಲು ನೋಡ್ಕೊಂಡೇ, "ನೀನು ತಿರುಗಿ ನೋಡಿದ್ರೆ ತಾನೆ ಹೇಳೋದು" ಅಂದ್ಳು.

ಈ ಮಾತನ್ನ ನಿಮಗೆ ಹೇಳ್ಬೇಕು ಅಂತಾನೇ ಇಷ್ಟೆಲ್ಲಾ ಬರೆದಿದ್ದು. ನೀವು ಮೇಲುಕೋಟೆ ದಾರೀಲಿ ಮುಂದೆ ನಡೀತಿದ್ರಿ ಅಲ್ವಾ? ಹಿಂದೆ ಉಳಿದವರು ನೋವು ಮುಚ್ಚಿಡೋದು ಹಠಕ್ಕಲ್ಲ, ನನ್ನಿಂದ ಇವಳ ಯಾತ್ರೆ ಕೆಡ್ತಿದೆ ಅನ್ನೋ ಸಂಕೋಚಕ್ಕೆ. ನೋವು ಹೇಳ್ಕೊಳೋ ಕೆಲಸ ಅವರ ತಲೆ ಮೇಲೆ ಹಾಕಿದಷ್ಟು ದಿನ ಅವರು ಹೇಳಲ್ಲ. ಹೇಳೋ ಅವಶ್ಯಕತೆನೇ ಬರದ ಹಂಗೆ ಮಾಡ್ಬೇಕು. ನಾವು ಎಲ್ ಅಸೆಬೊದಿಂದ ಮುಂದಕ್ಕೆ ಮಾಡಿದ್ದು ಇದು: ಗಂಟೆಗೊಂದ್ಸಲ ಅಲಾರಾಂ, ಅದು ಹೊಡೆದ ತಕ್ಷಣ ಇಬ್ರೂ ಕೂತು ಇಬ್ರೂ ಶೂ, ಕಾಲ್ಚೀಲ ಬಿಚ್ಚೋದು, ನೋವಿರ್ಲಿ ಇಲ್ದಿರ್ಲಿ, ಊರು ಅರ್ಧ ಕಿಲೋಮೀಟರ್ ದೂರ ಇರ್ಲಿ. ಅವಳ ಕಾಲು ನಾನು ನೋಡೋದು, ನನ್ ಕಾಲು ಅವಳು ನೋಡೋದು. ಹತ್ತು ನಿಮಿಷ ಗಾಳಿಗೆ ಬಿಟ್ಟು ಮತ್ತೆ ಹಾಕ್ಕೊಳೋದು. ಇನ್ನೊಂದು, ನಿಧಾನ ನಡೆಯೋರು ಯಾವಾಗ್ಲೂ ಮುಂದೆ. ಇದು ನಮ್ಮಜ್ಜಿ ಮಾದಪ್ಪನ ಬೆಟ್ಟದ ದಾರೀಲಿ ಮಾಡ್ತಿದ್ದಿದ್ದು, ಮಕ್ಕಳನ್ನೂ ಮುದುಕರನ್ನೂ ಮುಂದೆ ಬಿಟ್ಟು ಗಟ್ಟಿಗರು ಹಿಂದೆ ಬರ್ತಿದ್ರು, ಗುಂಪು ಚದುರ್ತಾನೇ ಇರ್ಲಿಲ್ಲ. ಗೊತ್ತಿದ್ದ ವಿಷಯಾನೇ ಸ್ಪೇನ್‌ಗೆ ಹೋಗಿ ಮರೆತಿದ್ದೆ.

ಗಂಟೆಗೊಂದ್ಸಲ ಯಾಕೆ ಅಂದ್ರೆ, ಬೊಬ್ಬೆ ಏಳೋ ರೀತಿ ಹಂಗಿದೆ. ಶೂ ಚರ್ಮವನ್ನ ಮೇಲಿಂದ ಉಜ್ಜಿ ಬೊಬ್ಬೆ ಬರುತ್ತೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ನಿಜವಾಗಿ ಆಗೋದೇನಂದ್ರೆ ಚರ್ಮ ಕಾಲ್ಚೀಲಕ್ಕೆ ಕಚ್ಕೊಂಡು ನಿಂತಿರುತ್ತೆ, ಒಳಗಿನ ಮೂಳೆ ಹೆಜ್ಜೆ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತೆ, ಮಧ್ಯದ ಚರ್ಮದ ಪದರಗಳು ಎಳೆದಾಡಿ ಒಳಗೇ ಬಿಟ್ಕೊಂಡು ಆ ಸಂದಿಗೆ ನೀರು ತುಂಬುತ್ತೆ. ಚರ್ಮ ಒದ್ದೆ ಇದ್ರೆ ಇನ್ನೂ ಜಾಸ್ತಿ ಕಚ್ಕೊಳುತ್ತೆ. ನೀರು ತುಂಬೋಕ್ ಮುಂಚೆ ಆ ಜಾಗ ಬಿಸಿಯಾಗಿ ಚುರುಚುರು ಅನ್ನುತ್ತೆ, ಕೆಂಪಗಾಗುತ್ತೆ. ಆ ಹಂತದಲ್ಲಿ ಒರೆಸಿ ಒಣಗಿಸಿ, ಸುಕ್ಕಿಲ್ದಂಗೆ ಒಂದು ಟೇಪ್ ಅಂಟಿಸಿ, ಒಣ ಕಾಲ್ಚೀಲ ಹಾಕಿದ್ರೆ ಐದು ನಿಮಿಷದ ಕೆಲಸ. ಬಿಟ್ರೆ ಐದು ದಿನದ ಗಾಯ. ಕಾಟನ್ ಕಾಲ್ಚೀಲ ಬೇಡವೇ ಬೇಡ, ಬೆವರು ಹಿಡಿದಿಟ್ಕೊಳುತ್ತೆ, ಮೆರಿನೋ ಉಣ್ಣೆಯದು ತಗೊಳಿ.

ಬೊಬ್ಬೆ ಎದ್ದೇ ಬಿಟ್ರೆ, ಸಣ್ಣದಾದ್ರೆ ಮುಟ್ಟಬೇಡಿ, ಮುಚ್ಚಿ ಬಿಡಿ. ದೊಡ್ಡದಾಗಿ ಬಿಗಿದು ನಡೆಯೋಕೇ ಆಗ್ತಿಲ್ಲ ಅಂದ್ರೆ ಮಾತ್ರ ಕೈ ತೊಳ್ಕೊಂಡು, ಶುದ್ಧ ಮಾಡಿದ ಸೂಜೀಲಿ ಅಂಚಲ್ಲಿ ಚುಚ್ಚಿ ನೀರು ಇಳಿಸಿ, ಮೇಲಿನ ಚರ್ಮ ಕೀಳ್ಬೇಡಿ, ಅದೇ ಒಳ್ಳೇ ಬ್ಯಾಂಡೇಜು. ದಾರೀಲಿ ಯಾರಾದ್ರೂ ಸೂಜಿಗೆ ದಾರ ಪೋಣಿಸಿ ಬೊಬ್ಬೆ ಒಳಗೇ ದಾರ ಬಿಡಿ ಅಂತ ಹೇಳ್ತಾರೆ, ಬೇಡ, ಆ ದಾರದ ಗುಂಟ ಸೋಂಕು ಒಳಗೆ ಹೋಗುತ್ತೆ. ನಿಮ್ಮಿಬ್ರಲ್ಲಿ ಯಾರಿಗಾದ್ರೂ ಶುಗರ್ ಇದ್ರೆ ಸೂಜಿ ಮಾತೇ ಇಲ್ಲ, ಸೀದಾ ಆರೋಗ್ಯ ಕೇಂದ್ರ. ಹೊರಡೋ ಮುಂಚೆ ಇಬ್ರೂ ಶುಗರ್ ಟೆಸ್ಟ್ ಮಾಡಿಸಿ, ಪಾದದ ಸ್ಪರ್ಶ ಸರಿಯಾಗಿದ್ಯಾ ಅಂತ ನೋಡಿಸಿ, ಇದು ಮಾತ್ರ ಮರೀಬೇಡಿ.

ಇನ್ನು ಮಂಡಿ. ಹತ್ತುವಾಗ ಉಸಿರು ಹೋಗುತ್ತೆ, ಇಳೀವಾಗ ಕಾಲು ಹೋಗುತ್ತೆ. ಇಳೀವಾಗ ತೊಡೆ ಮುಂಭಾಗದ ಸ್ನಾಯು ಬ್ರೇಕ್ ಥರ ಕೆಲಸ ಮಾಡುತ್ತೆ, ಉದ್ದ ಆಗ್ತಾ ಆಗ್ತಾನೇ ಮೈ ಭಾರ ತಡೀಬೇಕು, ಹಂಗೆ ಮಾಡುವಾಗ ಅದರ ಎಳೆಗಳು ಅಲ್ಲಲ್ಲಿ ಹರಿಯುತ್ತೆ. ಆ ನೋವು ಆವತ್ತು ಪೂರ್ತಿ ಗೊತ್ತಾಗಲ್ಲ, ಒಂದೆರಡು ದಿನ ಬಿಟ್ಟು ಜೋರಾಗುತ್ತೆ. ಮೊಲಿನಸೆಕಾ ಇಳಿದು ಎರಡು ಮೂರು ದಿನಕ್ಕೆ ಸರಿಯಾಗಿ ಓ ಸೆಬ್ರೇರೊ ಬೆಟ್ಟ ಹತ್ತೋದು ಬರುತ್ತೆ, 1300 ಮೀಟರ್ ಎತ್ತರ. ಜನ ಅಲ್ಲಿ ಸೋತು ಹತ್ತಿದ್ದೇ ಕಷ್ಟ ಆಯ್ತು ಅಂತಾರೆ, ಅಸಲು ಸೋತಿದ್ದು ಇಳಿಜಾರಲ್ಲಿ. (ಕಮೀನೋ ಉದ್ದಕ್ಕೂ ದಾರಿ ತೋರ್ಸೋ ಹಳದಿ ಬಾಣದ ಗುರುತು ಇದ್ಯಲ್ಲ, ಅದನ್ನ 1980ರ ದಶಕದಲ್ಲಿ ಬಳಿಯೋಕೆ ಶುರು ಮಾಡಿದ್ದು ಇದೇ ಓ ಸೆಬ್ರೇರೊ ಚರ್ಚಿನ ಪಾದ್ರಿ ಎಲಿಯಾಸ್ ವಾಲಿನ್ಯಾ. ಸುಸ್ತಾಗಿ ದಾರಿ ತಪ್ಪೋ ಹೊತ್ತಲ್ಲಿ ಒಂದು ಹಳದಿ ಬಾಣ ಕಂಡಾಗ ಆಗೋ ಸಮಾಧಾನ ಎಂಥದ್ದು ಅಂತ ನಿಮಗೇ ಗೊತ್ತಾಗುತ್ತೆ.)

ಹಾಗಾಗಿ ನೀವು ಅಭ್ಯಾಸ ಮಾಡ್ಬೇಕಾಗಿರೋದು ಉದ್ದದ ನಡಿಗೆಗಿಂತ ಜಾಸ್ತಿ ಇಳಿಯೋದನ್ನ. ಮೈಸೂರಲ್ಲಿ ಎಲ್ರೂ ಚಾಮುಂಡಿ ಬೆಟ್ಟ ಮೆಟ್ಲಲ್ಲಿ ಹತ್ತಿ ಬಸ್ಸಲ್ಲಿ ವಾಪಸ್ ಬರ್ತಾರೆ, ನೀವು ಉಲ್ಟಾ ಮಾಡಿ. ಬಸ್ಸಲ್ಲಿ ಮೇಲೆ ಹೋಗಿ, ತಾಯಿಗೆ ಕೈ ಮುಗಿದು, ಮೆಟ್ಲಲ್ಲಿ ಇಳೀರಿ. ಮೊದಲ ಸಲ ನಂದಿವರೆಗೆ ಮಾತ್ರ ಇಳಿದು ರೋಡಿಗೆ ಸೇರ್ಕೊಳಿ, ಐದು ದಿನ ಬಿಟ್ಟು ಪೂರ್ತಿ ಇಳೀರಿ, ಆಮೇಲೆ ಬ್ಯಾಗ್ ಹಾಕ್ಕೊಂಡು ಇಳೀರಿ. ಮೊದಲ ಸಲ ತೊಡೆ ಹಿಡ್ಕೊಂಡು ಕೂರೋ ಥರ ಆಗುತ್ತೆ, ಎರಡನೇ ಸಲ ಅದೇ ಇಳಿತಕ್ಕೆ ಅರ್ಧ ನೋವೂ ಇರಲ್ಲ. ಸ್ನಾಯು ಒಂದ್ಸಲ ಇಂಥ ಪೆಟ್ಟು ತಿಂದ್ರೆ ಮುಂದಿನ ಕೆಲವು ವಾರ ತನ್ನನ್ನ ತಾನೇ ಕಾಪಾಡ್ಕೊಳುತ್ತೆ, ಇದು ನಮ್ಮ ಶಾಸ್ತ್ರದಲ್ಲಿ ಚೆನ್ನಾಗಿ ಗೊತ್ತಿರೋ ವಿಷಯ. ಹಾಗಾಗಿ ಕೊನೇ ಇಳಿತ ಹೊರಡೋಕೆ ಎರಡು ವಾರ ಮುಂಚೆ ಇರ್ಲಿ. ಮಂಡ್ಯದಿಂದ ಬರೋದು ದೂರ ಆದ್ರೆ ಕರಿಘಟ್ಟದ ಮೆಟ್ಲೂ ಆಗುತ್ತೆ, ಎರಡು ಮೂರು ಸಲ ಹತ್ತಿಳೀಬೇಕು ಅಷ್ಟೆ. ನಿಮ್ ಫ್ರೆಂಡ್ ಮಂಡಿ ಊತ ಪೂರ್ತಿ ಇಳಿದ್ಮೇಲೆ ಇದೆಲ್ಲಾ.

ಎರಡೂ ಕೈಗೆ ಕೋಲು ಬೇಕೇ ಬೇಕು, ಇಳೀವಾಗ ಸ್ವಲ್ಪ ಉದ್ದ ಮಾಡ್ಕೊಂಡು ಹೆಜ್ಜೆಗಿಂತ ಮೊದ್ಲು ಕೋಲು ಊರಿ, ಹೆಜ್ಜೆ ಚಿಕ್ಕದಿಡಿ. ಶೂ ಮಾಮೂಲಿ ಸೈಜಿಗಿಂತ ಅರ್ಧ ಅಥವಾ ಒಂದು ಸೈಜ್ ದೊಡ್ಡದು, ಸಂಜೆ ಹೊತ್ತು ಕಾಲು ಊದಿರುವಾಗ ಹೋಗಿ ತಗೊಳಿ. ಇಳಿಯೋ ಮುಂಚೆ ಲೇಸ್ ಕಣಕಾಲಿನ ಹತ್ರ ಬಿಗಿ ಮಾಡಿ, ಪಾದ ಮುಂದಕ್ಕೆ ಜಾರಿ ಉಗುರು ಗುದ್ದಲ್ಲ. ಬ್ಯಾಗ್ ತೂಕ ಮೈ ತೂಕದ ಹತ್ತರಲ್ಲೊಂದು ಭಾಗ ಮೀರಬಾರದು, 60 ಕೆಜಿ ಇದ್ರೆ 6 ಕೆಜಿ. ನಾನು ಚಟ್ನಿಪುಡಿ ಒಂದು ಬಿಟ್ಟು ತಿಂಡಿ ಎಲ್ಲಾ ಮನೇಲೇ ಇಟ್ಟು ಹೋಗಿದ್ದೆ, ಅವಳು ಮಂಡ್ಯದ ಅಚ್ಚು ಬೆಲ್ಲ ತಂದಿದ್ಳು, ಮೊಲಿನಸೆಕಾ ದಾಟೋವರೆಗೂ ಬಂತು. ನೋವಿನ ಮಾತ್ರೆ ಬೆಳಿಗ್ಗೆನೇ ಮುಂಜಾಗ್ರತೆ ಅಂತ ನುಂಗಿ ಹೊರಡೋರಿದ್ದಾರೆ, ಖಂಡಿತ ಬೇಡ, ನೀರು ಸಾಲದ ಮೈಗೆ ಅದು ಕಿಡ್ನಿ ಮೇಲೆ ಹೊಡೆತ, ಜೊತೆಗೆ ನೋವು ಹೇಳೋ ಬುದ್ಧಿಮಾತೂ ಕೇಳಿಸದೆ ಹೋಗುತ್ತೆ.

ಎಲ್ ಅಸೆಬೊದಲ್ಲಿ ನಾವು ಆ ರಾತ್ರಿ ಉಳ್ಕೊಂಡ್ವಿ. ಮಾರನೇ ದಿನ ಅವಳು ಟ್ಯಾಕ್ಸೀಲಿ ಮೊಲಿನಸೆಕಾಗೆ ಹೋದ್ಳು, ನಾನು ನಡೆದೆ. ಹರಕೆ ಮುರೀತಲ್ಲ ಅಂತ ಅವಳು ರಾತ್ರಿ ಎಲ್ಲಾ ಕೊರಗಿದ್ಳು, ನೀವೂ ಹಂಗೆ ಯೋಚಿಸ್ತೀರಾ ಅಂತ ಗೊತ್ತು. ಯಾತ್ರೆ ಮುಗಿಸಿದ್ದಕ್ಕೆ ಸಾಂತಿಯಾಗೊದಲ್ಲಿ ಕೊಡೋ ಕಂಪೊಸ್ತೆಲಾ ಅನ್ನೋ ಪ್ರಮಾಣಪತ್ರಕ್ಕೆ ಕಾಲ್ನಡಿಗೆಯವರು ಕನಿಷ್ಠ 100 ಕಿಲೋಮೀಟರ್ ನಡೆದು ಬಂದು ಸೇರಿರ್ಬೇಕು, ಆ ಕೊನೇ ಭಾಗದಲ್ಲಿ ಯಾತ್ರಿಕರ ಪಾಸ್‌ಪೋರ್ಟ್ (ಯಾತ್ರೆಗೆ ಅಂತಾನೇ ಇರೋ ಪುಸ್ತಿಕೆ, ನಿಮ್ಮ ಮಾಮೂಲಿ ಪಾಸ್‌ಪೋರ್ಟ್ ಅಲ್ಲ) ಮೇಲೆ ದಿನಕ್ಕೆರಡು ಸೀಲು ಹಾಕಿಸ್ಬೇಕು, ಮೊಲಿನಸೆಕಾದಿಂದ ಸಾಂತಿಯಾಗೊ 200 ಕಿಲೋಮೀಟರ್ ಮೇಲಿದೆ, ಹಾಗಾಗಿ ಅಲ್ಲಿ 8 ಕಿಲೋಮೀಟರ್ ಟ್ಯಾಕ್ಸಿ ಹತ್ತಿದ್ರೆ ಏನೂ ಕಳ್ಕೊಳಲ್ಲ. ಬ್ಯಾಗ್ ಮಾತ್ರ ಮುಂದಿನ ಊರಿಗೆ ಕಳಿಸೋ ಸೇವೆನೂ ಇದೆ, ಸ್ಪೇನ್ ಅಂಚೆ ಇಲಾಖೆನೇ ಅದನ್ನ ಮಾಡುತ್ತೆ. ಕಲ್ಲು ದಾರಿ ಬೇಡ ಅಂದ್ರೆ ಪಕ್ಕದಲ್ಲೇ ಡಾಂಬರ್ ರೋಡೂ ಇಳಿಯುತ್ತೆ, ಅಲ್ಲಿ ಗಾಡಿಗಳು ಬಲಗಡೆ ಓಡೋದ್ರಿಂದ ನೀವು ಎಡಗಡೆ ಅಂಚಲ್ಲಿ, ಎದುರಿಗೆ ಬರೋ ಗಾಡಿ ಕಾಣೋ ಹಂಗೆ ನಡೀಬೇಕು, ಎಲ್ ಅಸೆಬೊ ಊರಾಚೆ ಒಬ್ಬ ಸೈಕಲ್ ಯಾತ್ರಿಕನ ನೆನಪಿಗೆ ನಿಲ್ಲಿಸಿರೋ ಕಬ್ಬಿಣದ ಸೈಕಲ್ ನೋಡಿದ್ರೆ ಆ ಇಳಿಜಾರು ಎಂಥದ್ದು ಅಂತ ತಿಳಿಯುತ್ತೆ.

ನಾನು ಹನ್ನೊಂದು ಗಂಟೆಗೆ ಮೊಲಿನಸೆಕಾದ ಹಳೇ ಕಲ್ಲು ಸೇತುವೆ ಹತ್ರ ಬಂದಾಗ ಅವಳು ನದಿ ಮೆಟ್ಲಲ್ಲಿ ಎಡಗಾಲು ನೀರಲ್ಲಿ ಇಳಿಬಿಟ್ಟು, ಬ್ಯಾಂಡೇಜ್ ಸುತ್ತಿದ ಬಲಗಾಲು ಬ್ಯಾಗ್ ಮೇಲಿಟ್ಕೊಂಡು ಕೂತಿದ್ಳು. ಒಂದು ತುಂಡು ಬೆಲ್ಲ ನನ್ ಕೈಗಿಟ್ಟು, "ಶೂ ಬಿಚ್ಚು, ನಿನ್ ಕಾಲು ನೋಡ್ತೀನಿ" ಅಂದ್ಳು. ಎಡ ಕಿರುಬೆರಳಲ್ಲಿ ನನಗೇ ಗೊತ್ತಿಲ್ದೆ ಒಂದು ಕೆಂಪು ಜಾಗ ಎದ್ದಿತ್ತು. ಎರಡು ದಿನ ಅಲ್ಲೇ ಉಳಿದು ಮುಂದೆ ಹೊರಟ್ವಿ, ಸಾಂತಿಯಾಗೊವರೆಗೆ ಅವಳು ನಡೆದೇ ಬಂದ್ಳು.

ನಿಮ್ ಫ್ರೆಂಡ್ ಮನೆಗೆ ಇವತ್ತು ಸಂಜೆನೇ ಹೋಗಿ. ಪ್ಲಾನ್ ವಿಷಯ ಆಮೇಲೆ ಮಾತಾಡಿ, ಮೊದ್ಲು ಆವತ್ತಿನ ಬೊಬ್ಬೆ ಒಣಗಿದ್ಯಾ ಅಂತ ಅವರ ಕಾಲು ನೋಡಿ. ಮಂಡಿ ಊತ ಇಳಿದ ಮೇಲೆ ಒಂದ್ ಭಾನುವಾರ ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ 10 ಕಿಲೋಮೀಟರ್ ಸಾಕು, ಅವರು ಮುಂದೆ ನೀವು ಹಿಂದೆ, ಗಂಟೆಗೊಂದ್ಸಲ ಅಲಾರಾಂ ಇಟ್ಕೊಂಡು ನಡೀರಿ.